ಬೆಳಗಾವಿಯ ಕರಿಕಲ್ಲು ಮತ್ತು ಗಂಧಕದ ಪ್ರಶ್ನೆ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರೈಲುಮಾರ್ಗದಲ್ಲಿ ದೇಸೂರು ಎಂಬುದೊಂದು ಚಿಕ್ಕ ನಿಲ್ದಾಣ. ಸುತ್ತಣ ಹಳ್ಳಿಗಳ ಆಚೆಗೆ ಈ ಊರನ್ನು ಬಲ್ಲವರು ವಿರಳ. ಆದರೂ ದಖನ್ನಿನ ಲಾವಾ ಶಿಲೆಗಳ ವಿಷಯವಾಗಿ ಜಗತ್ತಿನ ಯಾವ ಮೂಲೆಯಲ್ಲಿ ಪಾಠ ನಡೆದರೂ ಇದರ ಹೆಸರು ಬಾರದಿರುವುದಿಲ್ಲ. ಸಹ್ಯಾದ್ರಿಯ ಲಾವಾ ಪದರಗಳನ್ನು 1980ರ ದಶಕದಲ್ಲಿ ಅವುಗಳ ರಾಸಾಯನಿಕ ಲಕ್ಷಣಗಳನ್ನನುಸರಿಸಿ ವಿಂಗಡಿಸಿದಾಗ, ಆ ಶ್ರೇಣಿಯ ಮೇಲ್ತುದಿಯ ಘಟಕಕ್ಕೆ ವಿದ್ವಾಂಸರು ಕೊಟ್ಟ ಹೆಸರು ‘ದೇಸೂರು ಸ್ತೋಮ’. ಮಹಾಬಳೇಶ್ವರ, ಪನ್ಹಾಳ, ದೇಸೂರು ಎಂಬ ಈ ಅನುಕ್ರಮವು ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತ ಬಂದು, ಬೆಳಗಾವಿಯ ನೆಲದಲ್ಲಿ ತನಗಿಂತ ಬಹು ಹಳೆಯದಾದ ಶಿಲೆಗಳ ಮೇಲೆ ಹಾಸಿಕೊಂಡು ಮುಗಿಯುತ್ತದೆ. ಸುಮಾರು 5 ಲಕ್ಷ ಚದರ ಕಿಲೋಮೀಟರು ಹರಹಿನ ಲಾವಾ ಪ್ರಸ್ಥಭೂಮಿಯ ದಕ್ಷಿಣದ ಅಂಚು ಇದೇ.

ಇಂತಹುದೇ ಇನ್ನೊಂದು ಲಾವಾ ಪ್ರಸ್ಥಭೂಮಿ ಸೈಬೀರಿಯದಲ್ಲಿದೆ. ಅದರ ವಾಯವ್ಯದ ಅಂಚಿನಲ್ಲಿ, ಧ್ರುವವೃತ್ತದ ಉತ್ತರಕ್ಕೆ, ನೊರಿಲ್ಸ್ಕ್ ಎಂಬ ಪಟ್ಟಣವಿದೆ. ತಾಮ್ರ, ನಿಕ್ಕಲ್ ಮತ್ತು ಪ್ಲಾಟಿನಂ ವರ್ಗದ ಲೋಹಗಳನ್ನು ಒಟ್ಟಾಗಿ ಹೊತ್ತ ಸಲ್ಫೈಡು ಅದುರುಗಳ ಅತಿ ದೊಡ್ಡ ನಿಕ್ಷೇಪಗಳಲ್ಲೊಂದು ಅಲ್ಲಿಯದು. ಜಗತ್ತಿನ ಪೆಲೇಡಿಯಮ್ಮಿನ ಬಹುದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಶಿಲೆ ಒಂದೇ ಜಾತಿಯದು, ಉದ್ಭವದ ರೀತಿಯೂ ಬಹುಮಟ್ಟಿಗೆ ಒಂದೇ. ಹಾಗಿದ್ದಮೇಲೆ ಅಲ್ಲಿರುವ ಸಂಪತ್ತು ಇಲ್ಲೇಕಿಲ್ಲ? ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಇದಕ್ಕೆ ಕೊಡುವ ಉತ್ತರವನ್ನು ಅವಲಂಬಿಸಿ, ನಾಡಿನ ಯಾವ ಭಾಗದಲ್ಲಿ ಹಣವನ್ನೂ ಶ್ರಮವನ್ನೂ ವ್ಯಯಿಸಬೇಕು, ಯಾವ ಕಾಡನ್ನು ಮುಟ್ಟದೆ ಬಿಡಬೇಕು ಎಂಬ ವ್ಯಾವಹಾರಿಕ ನಿರ್ಣಯಗಳು ನಿಲ್ಲುತ್ತವೆ. ಆ ಉತ್ತರವು ಹೇಗೆ ರೂಪುಗೊಂಡಿತು ಎಂಬ ಇತಿಹಾಸವೇ ಈ ಲೇಖನದ ವಿಷಯ. ಅದರ ಒಂದು ಮುಖ್ಯ ಎಳೆ ಬೆಳಗಾವಿಯ ಕಲ್ಲುಗಳಲ್ಲಿದೆ. ಇನ್ನೊಂದು ಧಾರವಾಡದ ವಿಶ್ವವಿದ್ಯಾನಿಲಯದ ಮೂಲಕ ಚನ್ನಗಿರಿಯವರೆಗೆ ಚಾಚಿದೆ.

ಮೊದಲು ಈ ಲೋಹಗಳ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳುವುದು ಒಳ್ಳೆಯದು. ತಾಮ್ರದ ವಿಷಯ ಹೇಳಬೇಕಾದುದಿಲ್ಲ. ನಿಕ್ಕಲ್ ಎಂಬ ಹೆಸರೇ ಒಂದು ಬೈಗುಳ. ಜರ್ಮನಿಯ ಗಣಿಗಾರರು ತಾಮ್ರದಂತೆ ಕೆಂಪಾಗಿ ಕಾಣುವ ಒಂದು ಅದುರನ್ನು ಎಷ್ಟು ಕಾಸಿದರೂ ತಾಮ್ರ ಇಳಿಯದಿದ್ದಾಗ, ಅದರಲ್ಲಿ ಕಿಡಿಗೇಡಿ ಭೂತವೊಂದು ಸೇರಿಕೊಂಡಿದೆಯೆಂದು ಅದನ್ನು ‘ಕುಪ್ಫರ್‌ನಿಕೆಲ್’, ಅಂದರೆ ತಾಮ್ರದ ಭೂತವೆಂದು ಕರೆದರು. ಸ್ವೀಡನ್ನಿನ ಕ್ರಾನ್‌ಸ್ಟೆಟ್ 1751ರಲ್ಲಿ ಅದರಿಂದ ಹೊಸ ಲೋಹವನ್ನು ಬೇರ್ಪಡಿಸಿ ಭೂತದ ಹೆಸರನ್ನೇ ಉಳಿಸಿದನು. ಪ್ಲಾಟಿನಮ್ಮಿನ ಪಾಡೂ ಅಂತಹುದೇ. ದಕ್ಷಿಣ ಅಮೆರಿಕದ ಹೊಳೆಗಳಲ್ಲಿ ಚಿನ್ನ ತೊಳೆಯುತ್ತಿದ್ದ ಸ್ಪಾನಿಷರು, ಕರಗಿಸಲು ಬಾರದ ಬಿಳಿಯ ಕಣಗಳನ್ನು ‘ಪ್ಲಾಟಿನಾ’, ಪುಡಿಬೆಳ್ಳಿ ಎಂದು ತಿರಸ್ಕಾರದಿಂದ ಕರೆದರು. ಲಂಡನ್ನಿನ ವೊಲಾಸ್ಟನ್ 1802ರಲ್ಲಿ ಪೆಲೇಡಿಯಮ್ಮನ್ನೂ 1804ರಲ್ಲಿ ರೋಡಿಯಮ್ಮನ್ನೂ ಅದರಿಂದ ಬೇರ್ಪಡಿಸಿದನು. ಅದೇ ವರ್ಷಗಳಲ್ಲಿ ಟೆನ್ನಂಟ್ ಇರಿಡಿಯಂ, ಆಸ್ಮಿಯಂಗಳನ್ನೂ, ರಷ್ಯದ ಕಜಾನಿನಲ್ಲಿ ಕ್ಲೌಸ್ 1844ರಲ್ಲಿ ರುಥೇನಿಯಮ್ಮನ್ನೂ ಕಂಡುಹಿಡಿದರು. ಈ ಆರೂ ಒಂದೇ ಮನೆತನದವು. ಇಂದು ವಾಹನಗಳ ಹೊಗೆಯನ್ನು ಶುದ್ಧಿಗೊಳಿಸುವುದರಿಂದ ಮೊದಲುಗೊಂಡು ರಾಸಾಯನಿಕ ಕೈಗಾರಿಕೆಗಳವರೆಗೆ ಇವುಗಳ ಬಳಕೆಯಿದ್ದು, ಭಾರತವು ತನಗೆ ಬೇಕಾದುದನ್ನು ಬಹುತೇಕ ಹೊರಗಿನಿಂದಲೇ ತರಿಸಿಕೊಳ್ಳುತ್ತಿದೆ.

ಈಗ ನಮ್ಮ ಪ್ರದೇಶಕ್ಕೆ ಬರೋಣ. ಬೆಳಗಾವಿ, ಧಾರವಾಡ ಸೀಮೆಗಳ ಭೂರಚನೆಯನ್ನು ಶಾಸ್ತ್ರೀಯವಾಗಿ ನೋಡಿದವರಲ್ಲಿ ಮೊದಲಿಗರು ಸೈನ್ಯದ ವೈದ್ಯರು ಮತ್ತು ಅಧಿಕಾರಿಗಳು. ಅಲೆಕ್ಸಾಂಡರ್ ಟರ್ನ್‌ಬುಲ್ ಕ್ರಿಸ್ಟಿಯು 1820ರ ದಶಕದ ಕೊನೆಯಲ್ಲಿ ದಕ್ಷಿಣ ಮರಾಠಾ ಸೀಮೆಯ ಹವೆ, ನೆಲ, ಬೆಳೆ, ಪ್ರಾಣಿಗಳನ್ನು ಕುರಿತು ಎಡಿನ್‌ಬರೋದ ಪತ್ರಿಕೆಯೊಂದರಲ್ಲಿ ಬರೆದನು. ಅನಂತರ ನ್ಯೂಬೋಲ್ಡ್ ದಕ್ಷಿಣ ಭಾರತವನ್ನೆಲ್ಲ ಸುತ್ತಿ ಶಿಲೆಗಳ ವಿವರಗಳನ್ನು ಕಲೆಹಾಕಿದನು. ಇವರ ಕಾಲದವರಿಗೆ ಲೋಹವೆಂದರೆ ಮುಖ್ಯವಾಗಿ ಚಿನ್ನ. ಕಪ್ಪತಗುಡ್ಡದ ಹಳ್ಳಗಳಂತೆಯೇ ಬೈಲಹೊಂಗಲ, ಬೆಳವಡಿ, ಮುರಗೋಡಗಳ ಕಡೆಯಲ್ಲಿಯೂ ಚಿನ್ನದ ಕಣಗಳು ದೊರೆಯುತ್ತವೆಂದು ಹತ್ತೊಂಬತ್ತನೆಯ ಶತಮಾನದ ಬರೆಹಗಳಲ್ಲಿ ಉಲ್ಲೇಖವಿದೆ. ಮಳೆಗಾಲ ಮುಗಿದೊಡನೆ ಹಳ್ಳದ ಮರಳನ್ನು ಮರದ ತೊಟ್ಟಿಯಲ್ಲಿ ಜಾಲಿಸಿ ಬದುಕುತ್ತಿದ್ದವರಿಗೆ ಜಲಗಾರರೆಂದು ಹೆಸರು. ಇಂದಿನ ವಾಚಕರಿಗೆ ಆ ಶಬ್ದದಿಂದ ಬೀದಿ ಗುಡಿಸುವವನ ನೆನಪು ಬರುವುದೇ ಹೆಚ್ಚು. ಅದರ ಹಿಂದೆ ಧೂಳು ತೊಳೆದು ಹೊನ್ನು ತೆಗೆಯುವ ಒಂದು ಕಸುಬಿನ ಕಥೆಯಿದೆ. ಈ ಚಿನ್ನವೆಲ್ಲ ಬಂದುದು ಹಳೆಯ ಪದರುಶಿಲೆಗಳಿಂದಲೇ ಹೊರತು ಕರಿಕಲ್ಲಿನಿಂದಲ್ಲ ಎಂಬುದನ್ನು ನಾವು ಗಮನಿಸಬೇಕು.

ಈ ಭೇದವನ್ನು ನಕ್ಷೆಯ ಮೇಲೆ ಸ್ಪಷ್ಟವಾಗಿ ಬರೆದು ತೋರಿಸಿದವನು ರಾಬರ್ಟ್ ಬ್ರೂಸ್ ಫೂಟ್. ನಮ್ಮಲ್ಲಿ ಅವನ ಹೆಸರು ಹಳೆಯ ಶಿಲಾಯುಗದ ಆಯುಧಗಳ ಸಂಬಂಧವಾಗಿ ಹೆಚ್ಚು ಪ್ರಸಿದ್ಧ. ಆದರೆ ಅವನ ವೃತ್ತಿ ಭೂವಿಜ್ಞಾನದ್ದು. 1858ರಲ್ಲಿ ಭಾರತೀಯ ಭೂವಿಜ್ಞಾನ ಸರ್ವೇಕ್ಷಣಾಲಯವನ್ನು ಸೇರಿದ ಅವನು ದಕ್ಷಿಣ ಮರಾಠಾ ಸೀಮೆಯ ಭೂಲಕ್ಷಣಗಳನ್ನು ಕುರಿತ ತನ್ನ ದೊಡ್ಡ ಗ್ರಂಥವನ್ನು 1876ರಲ್ಲಿ ಹೊರತಂದನು. ಕಲಾದಗಿ ಶ್ರೇಣಿಯೆಂಬ ಹೆಸರನ್ನು ರೂಢಿಗೆ ತಂದವನೂ, ಮುಂದೆ ಹಳೆಯ ಪದರುಶಿಲೆಗಳ ಸಮೂಹಕ್ಕೆ ‘ಧಾರವಾಡ’ ಎಂಬ ನಾಮಕರಣ ಮಾಡಿದವನೂ ಅವನೇ. ಅವನ ಗ್ರಂಥವನ್ನು ಇಂದಿಗೂ ಕೈಯಲ್ಲಿ ಹಿಡಿದು ಮಲಪ್ರಭೆಯ ದಂಡೆಯಲ್ಲಿ ನಡೆಯಬಹುದು. ನೂರೈವತ್ತು ವರ್ಷ ಹಳೆಯದಾದ ವೈಜ್ಞಾನಿಕ ಗ್ರಂಥಗಳಲ್ಲಿ ಈ ಮಾತು ಸಲ್ಲುವಂತಹವು ಹೆಚ್ಚಿಲ್ಲ.

ಬೆಳಗಾವಿ–ಖಾನಾಪುರ ಪ್ರದೇಶದಲ್ಲಿ ಮೂರು ಕಾಲಗಳ ಶಿಲೆಗಳು ಒಂದರ ಮೇಲೊಂದು ಕುಳಿತಿವೆ. ಎಲ್ಲಕ್ಕೂ ಕೆಳಗೆ ಧಾರವಾಡದ ಪದರುಶಿಲೆಗಳು ಮತ್ತು ಅವುಗಳ ಜೊತೆಯ ಕಣಶಿಲೆಗಳು. ಇವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಕ್ಕುದು. ಅವು ಮಡಿಚಿ, ಸವೆದು, ಸಮವಾದ ಬಹುಕಾಲದ ಮೇಲೆ ಸಮುದ್ರವು ಬಂದು ಕಲಾದಗಿ ಶ್ರೇಣಿಯ ಮರಳುಗಲ್ಲು, ಸುಣ್ಣಕಲ್ಲುಗಳನ್ನು ಹಾಸಿತು. ಗೋಕಾಕದಲ್ಲಿ ಘಟಪ್ರಭೆ ಧುಮುಕುವುದು ಈ ಮರಳುಗಲ್ಲು ಗಟ್ಟಿಯಾಗಿ ಆದ ಬಂಡೆಯ ಮೇಲಿಂದಲೇ. ಕೊನೆಗೆ, ಈಗ್ಗೆ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಲಾವಾ ಹರಿದು ಬಂದು ಎರಡನ್ನೂ ಮುಚ್ಚಿತು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಪೂರ್ವಕ್ಕೆ ಹರಿಯುತ್ತ ಈ ಇತಿಹಾಸವನ್ನು ತಲೆಕೆಳಗಾಗಿ ಓದುತ್ತ ಹೋಗುತ್ತದೆ ಎನ್ನಬಹುದು.

ಲಾವಾದ ಅಧ್ಯಯನವು ಬೇರೆ ದಾರಿಯಲ್ಲಿ ಬೆಳೆಯಿತು. ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಬೆಟ್ಟಗಳನ್ನು ನೋಡಿ, ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಶಬ್ದದಿಂದ ಇದಕ್ಕೆ ‘ಟ್ರ್ಯಾಪ್’ ಎಂಬ ಹೆಸರು ಬಂದಿತ್ತು. ಸೈಕ್ಸ್ 1830ರ ದಶಕದಲ್ಲಿ ದಖನ್ನಿನ ಭೂರಚನೆಯನ್ನು ವರ್ಣಿಸಿದನು. ಬ್ಲಾನ್‌ಫರ್ಡ್ 1867ರಲ್ಲಿ, ಇವು ಸಮುದ್ರದ ಅಡಿಯಲ್ಲಲ್ಲದೆ ಬಯಲಿನಲ್ಲಿಯೇ ಹರಿದು ಹೆಪ್ಪುಗಟ್ಟಿದುವೆಂದು ಸಾಧಿಸಿದನು. ಅಮೆರಿಕದ ವಾಷಿಂಗ್ಟನ್ 1922ರಲ್ಲಿ ಅವುಗಳ ರಾಸಾಯನಿಕ ವಿಶ್ಲೇಷಣೆಗಳನ್ನು ಪ್ರಕಟಿಸಿ, ಇಷ್ಟು ವಿಸ್ತಾರವಾದ ಪ್ರದೇಶದಲ್ಲಿ ಶಿಲೆಯು ಇಷ್ಟು ಏಕರೂಪವಾಗಿರುವುದನ್ನು ಎತ್ತಿ ತೋರಿಸಿದನು. ಏಕರೂಪವೆಂಬ ಈ ಮಾತೇ ಮುಂದೆ ಅರ್ಧ ಶತಮಾನದ ಕಾಲ ಒಂದು ಬಗೆಯ ನಿರುತ್ಸಾಹಕ್ಕೆ ಕಾರಣವಾಯಿತೆಂದು ನಮಗೆ ತೋರುತ್ತದೆ. ಎಲ್ಲವೂ ಒಂದೇ ಆದರೆ ಹುಡುಕುವುದೇನನ್ನು? ಕರಿಕಲ್ಲು ಕಟ್ಟಡಕ್ಕೆ, ರಸ್ತೆಯ ಜಲ್ಲಿಗೆ, ಬೀಸುವ ಕಲ್ಲಿಗೆ ಯೋಗ್ಯವೆಂದಷ್ಟೇ ಹೇಳಿ ಮುಂದೆ ಸಾಗುವ ವಾಡಿಕೆ ಬೆಳೆಯಿತು.

ಆದರೆ ಕರಿಕಲ್ಲಿನಲ್ಲಿ ಲೋಹವಿಲ್ಲವೆಂದು ತಿಳಿಯಲಾಗದು. ದಖನ್ನಿನ ಲಾವಾದಲ್ಲಿ ಸಾಮಾನ್ಯವಾಗಿ ದಶಲಕ್ಷಕ್ಕೆ 100ರಿಂದ 200 ಭಾಗದಷ್ಟು ತಾಮ್ರವಿರುತ್ತದೆ. ಒಂದು ಘನ ಕಿಲೋಮೀಟರು ಕರಿಕಲ್ಲಿನ ತೂಕ ಸುಮಾರು 290 ಕೋಟಿ ಟನ್ನು. ಕಡಮೆಯ ಪ್ರಮಾಣವನ್ನೇ ಹಿಡಿದರೂ ಅದರಲ್ಲಿ 2 ಲಕ್ಷ 90 ಸಾವಿರ ಟನ್ನು ತಾಮ್ರವಿದೆಯೆಂದಾಯಿತು! ಲೆಕ್ಕ ಸರಿ, ಲಾಭ ಮಾತ್ರ ಸೊನ್ನೆ. ಏಕೆಂದರೆ ತಾಮ್ರವನ್ನು ಗಣಿಯಿಂದ ತೆಗೆಯುವುದು ಸಾರ್ಥಕವಾಗಬೇಕಾದರೆ ಕಲ್ಲಿನಲ್ಲಿ ಅದು ನೂರಕ್ಕೆ ಅರ್ಧದಿಂದ ಒಂದು ಭಾಗವಾದರೂ ಇರಬೇಕು. ಇಲ್ಲಿ ನೂರಕ್ಕೆ ಒಂದರ ನೂರನೆಯ ಭಾಗ. ಅಂದರೆ ಪ್ರಕೃತಿಯೇ ಮುಂದಾಗಿ ಐವತ್ತರಿಂದ ನೂರು ಪಟ್ಟು ಸಾಂದ್ರಗೊಳಿಸಿ ಕೊಡಬೇಕು. ಪ್ಲಾಟಿನಂ ವರ್ಗದ ಲೋಹಗಳಾದರೋ ಇಂತಹ ಲಾವಾದಲ್ಲಿ ಟನ್ನಿಗೆ ಕೆಲವೇ ಮಿಲಿಗ್ರಾಂ ಇದ್ದು, ಅದುರಿನಲ್ಲಿ ಕೆಲವು ಗ್ರಾಂ ಬೇಕಾಗುತ್ತವೆ. ಅಲ್ಲಿಗೆ ಸಾವಿರ ಪಟ್ಟು. ಈ ಸಾಂದ್ರೀಕರಣವನ್ನು ಮಾಡುವ ಕರ್ತೃ ಯಾವುದು?

ಅದು ಗಂಧಕ. ಈ ತಿಳಿವಳಿಕೆಯ ಮೊದಲ ಪಾಠಶಾಲೆ ಕೆನಡದ ಸಡ್‌ಬರಿ. ಅಲ್ಲಿ 1883ರಲ್ಲಿ ರೈಲುದಾರಿಗಾಗಿ ನೆಲ ಅಗೆಯುತ್ತಿದ್ದಾಗ ತುಕ್ಕು ಹಿಡಿದಂತಹ ಬಂಡೆ ಕಂಡುಬಂದು, ತಾಮ್ರಕ್ಕೆಂದು ಗಣಿ ತೋಡಿದವರಿಗೆ ನಿಕ್ಕಲ್ ಸಿಕ್ಕಿತು. ಅಲ್ಲಿಯ ಅದುರಿನಲ್ಲಿ ಸ್ಪೆರಿ ಎಂಬ ರಸಾಯನಜ್ಞನು ಗುರುತಿಸಿದ ಬಿಳಿಯ ಖನಿಜವು ಪ್ಲಾಟಿನಂ ಮತ್ತು ಪಾಷಾಣದ ಸಂಯುಕ್ತವೆಂದು 1889ರಲ್ಲಿ ನಿರ್ಧಾರವಾಗಿ, ಅವನ ನೆನಪಿಗೆ ‘ಸ್ಪೆರಿಲೈಟ್’ ಎಂಬ ಹೆಸರು ಬಂದಿತು. ಸಡ್‌ಬರಿಯ ಉಗಮವು ಆಕಾಶದಿಂದ ಬಿದ್ದ ಬೃಹತ್ ಕಾಯದ ಆಘಾತದಿಂದಾಯಿತೆಂದು 1964ರಲ್ಲಿ ಡೀಟ್ಸ್ ಮಂಡಿಸಿದ ವಾದ ಇಂದು ಸರ್ವಸಮ್ಮತ. ಅದು ಬೇರೆಯೇ ಕಥೆ. ನಮಗಿಲ್ಲಿ ಬೇಕಾದುದು ನಾರ್ವೆಯ ಫೋಗ್ಟ್ 1890ರ ದಶಕದಲ್ಲಿ ಪ್ರತಿಪಾದಿಸಿದ ತತ್ತ್ವ. ಶಿಲಾರಸದಲ್ಲಿ ಗಂಧಕವು ಅದು ಕರಗಿಸಿಕೊಳ್ಳಬಲ್ಲ ಮಿತಿಯನ್ನು ಮೀರಿದಾಗ, ನೀರಿನಲ್ಲಿ ಎಣ್ಣೆ ಬೇರೆಯಾಗುವಂತೆ ಸಲ್ಫೈಡು ದ್ರವವು ಹನಿಹನಿಯಾಗಿ ಬೇರೆಯಾಗುತ್ತದೆ, ಭಾರವಾದುದರಿಂದ ತಳಕ್ಕಿಳಿಯುತ್ತದೆ. ಬಹುಕಾಲ ಇದು ಊಹೆಯೆಂದೇ ಕೆಲವರು ಎಣಿಸಿದ್ದರು. ಹವಾಯಿಯಲ್ಲಿ ಆರುತ್ತಿದ್ದ ಲಾವಾ ಸರೋವರದಿಂದ ಬಂದ ಮಾದರಿಗಳಲ್ಲಿ ಸ್ಕಿನ್ನರ್ ಮತ್ತು ಪೆಕ್ ಅಂತಹ ಹನಿಗಳನ್ನೇ ಕಂಡು 1969ರಲ್ಲಿ ಪ್ರಕಟಿಸಿದ ಮೇಲೆ ಸಂಶಯಕ್ಕೆ ಎಡೆಯುಳಿಯಲಿಲ್ಲ.

ಮೊಸರು ಕಡೆಯುವುದನ್ನು ನೆನೆದರೆ ಮುಂದಿನ ಸಂಗತಿ ಸುಲಭವಾಗುತ್ತದೆ. ಮೊಸರಿನ ತುಂಬ ಹರಡಿಕೊಂಡಿರುವ ಜಿಡ್ಡು ಕಡೆಗೋಲಿನ ಸುತ್ತ ಬೆಣ್ಣೆಯಾಗಿ ಕೂಡುವಂತೆ, ಶಿಲಾರಸದಲ್ಲೆಲ್ಲ ಹರಡಿರುವ ತಾಮ್ರ ಮತ್ತು ನಿಕ್ಕಲ್‌ಗಳು ಸಲ್ಫೈಡು ಹನಿಗಳಲ್ಲಿ ಬಂದು ಸೇರುತ್ತವೆ. ತಾಮ್ರಕ್ಕೆ ಶಿಲಾರಸಕ್ಕಿಂತ ಸಲ್ಫೈಡಿನ ಮೇಲಿನ ಒಲವು ನೂರಾರರಿಂದ ಸಾವಿರ ಪಟ್ಟು. ಪ್ಲಾಟಿನಂ ಮತ್ತು ಪೆಲೇಡಿಯಂಗಳಿಗೆ ಹತ್ತಾರು ಸಾವಿರ ಪಟ್ಟನ್ನೂ ಮೀರಿದುದು. ಆದರೆ ಒಲವೊಂದೇ ಸಾಲದು. ಒಂದು ಲೋಟ ಮೊಸರಿನಿಂದ ಬರುವ ಬೆಣ್ಣೆಯೆಷ್ಟು? ಹನಿಯು ಎಷ್ಟು ಹೆಚ್ಚು ಶಿಲಾರಸದೊಡನೆ ಸಂಪರ್ಕ ಹೊಂದಿತು ಎಂಬುದರ ಮೇಲೆ ಅದರ ಸಿರಿ ನಿಂತಿದೆ. ಕ್ಯಾಂಬೆಲ್ ಮತ್ತು ನಾಲ್ಡ್ರೆಟ್ 1979ರಲ್ಲಿ ಈ ಪ್ರಮಾಣವನ್ನು ಗಣಿತದ ರೂಪದಲ್ಲಿ ನಿರೂಪಿಸಿದರು. ಆದ್ದರಿಂದ ಒಳ್ಳೆಯ ಅದುರು ಉಂಟಾಗಬೇಕಾದರೆ ಎರಡು ಸಂಗತಿಗಳು ಕೂಡಿಬರಬೇಕು: ಗಂಧಕದ ಪೂರೈಕೆ ಮತ್ತು ಆ ಹನಿಗಳ ಮೇಲೆ ಎಡೆಬಿಡದೆ ಹೊಸ ಹೊಸ ಶಿಲಾರಸ ಹರಿದುಹೋಗುವ ಒಂದು ಕಾಲುವೆ.

ನೊರಿಲ್ಸ್ಕಿನಲ್ಲಿ ಎರಡೂ ಇದ್ದುವು. ಅಲ್ಲಿಯ ಗಣಿಗಾರಿಕೆಗಾಗಿ ಸೋವಿಯತ್ ಸರಕಾರವು 1935ರಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿತು. ಆರಂಭದ ವರ್ಷಗಳಲ್ಲಿ ಅಲ್ಲಿ ದುಡಿದವರು ಬಹುಪಾಲು ಸೆರೆಯಾಳುಗಳೆಂಬುದನ್ನು ಮರೆಯುವಂತಿಲ್ಲ. ಹತ್ತಿರದ ತಾಲ್ನಾಖ್ ನಿಕ್ಷೇಪ 1960ರಲ್ಲಿ ಪತ್ತೆಯಾಯಿತು. ಅದುರಿನಲ್ಲಿರುವ ಗಂಧಕದ ಭಾರವಾದ ಐಸೊಟೋಪಿನ ಅಂಶವನ್ನು 1960ರ ದಶಕದಲ್ಲಿ ಅಳೆದ ಸೋವಿಯತ್ ವಿಜ್ಞಾನಿಗಳಿಗೆ ಅಚ್ಚರಿ ಕಾದಿತ್ತು. ಭೂಮಿಯ ಆಳದಿಂದ ಬಂದ ಗಂಧಕಕ್ಕೆ ಇರಬೇಕಾದ ಲಕ್ಷಣ ಅದಕ್ಕಿರಲಿಲ್ಲ. ಪುರಾತನ ಸಮುದ್ರ ಬತ್ತಿದಾಗ ಉಳಿದ ಜಿಪ್ಸಂ ಜಾತಿಯ ಖನಿಜವಾದ ಅನ್‌ಹೈಡ್ರೈಟಿನ ಗಂಧಕಕ್ಕೆ ಅದು ಸಮೀಪವಾಗಿತ್ತು. ಅಂತಹ ಸ್ತರಗಳು ನೊರಿಲ್ಸ್ಕಿನ ಲಾವಾದ ಕೆಳಗೆ ದಪ್ಪವಾಗಿ ಇವೆ. ಅಂದರೆ ಮೇಲೇರುತ್ತಿದ್ದ ಶಿಲಾರಸವು ದಾರಿಯಲ್ಲಿ ಈ ಸ್ತರಗಳನ್ನು ಅರಗಿಸಿಕೊಂಡು, ಅಲ್ಲಿಂದ ಪಡೆದ ಗಂಧಕದಿಂದ ಸಲ್ಫೈಡನ್ನು ಉಗುಳಿತು. ಇದಕ್ಕೆ ಮೇಲಿನಿಂದಲೂ ಸಾಕ್ಷ್ಯ ದೊರೆಯಿತು. ಅಲ್ಲಿಯ ಲಾವಾ ಪದರಗಳಲ್ಲಿ ನಾದೆಝ್ದಿನ್‌ಸ್ಕಿ ಎಂಬ ಒಂದು ಸ್ತೋಮದಲ್ಲಿ ತಾಮ್ರ, ನಿಕ್ಕಲ್, ಪ್ಲಾಟಿನಂಗಳು ಇರಬೇಕಾದುದಕ್ಕಿಂತ ಬಹಳ ಕಡಮೆ. ಬೆಣ್ಣೆ ತೆಗೆದ ಮಜ್ಜಿಗೆ! ಮೇಲೆ ಹರಿದ ಲಾವಾದಲ್ಲಿ ಕಾಣೆಯಾದ ಲೋಹ ಕೆಳಗೆ ಗಣಿಯಲ್ಲಿದೆ.

ಇಲ್ಲಿಗೆ ಬೆಳಗಾವಿಯ ಕಲ್ಲು ಮತ್ತೆ ಪ್ರವೇಶಿಸುತ್ತದೆ. ದಖನ್ನಿನ ಲಾವಾ ಏಕರೂಪವೆಂಬ ಹಳೆಯ ನಂಬಿಕೆಯನ್ನು 1980ರ ದಶಕದಲ್ಲಿ ಭಾರತ, ಇಂಗ್ಲೆಂಡ್, ಅಮೆರಿಕಗಳ ಸಂಶೋಧಕರು ಮುರಿದರು. ಮುಂಬಯಿಯ ಭಾರತೀಯ ತಂತ್ರವಿಜ್ಞಾನ ಸಂಸ್ಥೆಯ ಕೆ. ವಿ. ಸುಬ್ಬಾರಾವ್ ಅವರು ಸಂಪಾದಿಸಿ ಭಾರತೀಯ ಭೂವೈಜ್ಞಾನಿಕ ಸಂಘವು 1988ರಲ್ಲಿ ಹೊರತಂದ ಸಂಪುಟವು ಆ ಕಾರ್ಯದ ಒಳ್ಳೆಯ ಸಂಗ್ರಹ. ಕಣ್ಣಿಗೆ ಒಂದೇ ಆಗಿ ಕಾಣುವ ಪದರಗಳು ಸ್ಟ್ರಾನ್ಷಿಯಂ, ಬೇರಿಯಂ, ಟೈಟೇನಿಯಂಗಳ ಅಂಶದಲ್ಲಿ ಬೇರೆಬೇರೆಯಾಗಿವೆಯೆಂದೂ, ಕೆಲವು ಪದರಗಳು ಮೇಲೇರುವಾಗ ಕಣಶಿಲೆಯನ್ನು ಅರಗಿಸಿಕೊಂಡಿವೆಯೆಂದೂ ತಿಳಿಯಿತು. ದಕ್ಷಿಣದ ಈ ಪದರಗಳನ್ನು ವಿಂಗಡಿಸಿದವರಲ್ಲಿ ಪೀಟರ್ ಲೈಟ್‌ಫುಟ್ ಒಬ್ಬರು. ಅವರು ಮುಂದೆ ನೊರಿಲ್ಸ್ಕಿನ ಲಾವಾಗಳನ್ನೂ ಸಡ್‌ಬರಿಯ ಅದುರುಗಳನ್ನೂ ಅಧ್ಯಯನ ಮಾಡಿದರು. ಒಬ್ಬನೇ ವಿದ್ವಾಂಸನು ಎರಡೂ ಪ್ರಸ್ಥಭೂಮಿಗಳ ಕಲ್ಲುಗಳನ್ನು ಬಲ್ಲವನಾಗಿದ್ದುದರಿಂದ ಹೋಲಿಕೆಗೆ ದಾರಿಯಾಯಿತು.

ಆ ಹೋಲಿಕೆ ಕೀಸ್ ಮತ್ತು ಲೈಟ್‌ಫುಟ್ 2010ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಅವರ ತರ್ಕ ಸರಳವೂ ಸುಂದರವೂ ಆದುದು. ಶಿಲಾರಸವು ಕಣಶಿಲೆಯನ್ನು ಅರಗಿಸಿಕೊಂಡು ಸಿಲಿಕಾಂಶ ಹೆಚ್ಚಾದಾಗ ಅದರ ಗಂಧಕವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗಿ, ಸಲ್ಫೈಡು ತಾನಾಗಿಯೇ ಬೇರೆಯಾದೀತೆಂದು ಹಿಂದೆ ಅನೇಕರು ತಿಳಿದಿದ್ದರು. ಹಾಗಾದರೆ ದಖನ್ನಿನಲ್ಲಿ ಅತಿಯಾಗಿ ಕಣಶಿಲೆಯನ್ನು ಬೆರೆಸಿಕೊಂಡಿರುವ ಪದರಗಳು ಮಜ್ಜಿಗೆಯಂತೆ ಲೋಹಹೀನವಾಗಿರಬೇಕು. ಅಂತಹ ಪದರಗಳು ಉತ್ತರದ ಘಟ್ಟಗಳಲ್ಲಿರುವ ಬುಶೆ ಸ್ತೋಮದಲ್ಲಿವೆ. ಅಳೆದು ನೋಡಿದಾಗ ಅವುಗಳಲ್ಲಿ ಲೋಹಗಳು ಕಳೆದುಹೋಗಿರಲಿಲ್ಲ. ಬೆರಕೆ ಇದೆ, ಕೊರತೆ ಇಲ್ಲ. ಆದುದರಿಂದ ಕಲ್ಲನ್ನು ಅರಗಿಸಿಕೊಂಡರೆ ಸಾಲದು, ಗಂಧಕವುಳ್ಳ ಕಲ್ಲನ್ನೇ ಅರಗಿಸಿಕೊಳ್ಳಬೇಕು ಎಂಬ ನಿರ್ಣಯಕ್ಕೆ ಅವರು ಬಂದರು. ನೊರಿಲ್ಸ್ಕ್ ಒಂದನ್ನೇ ನೋಡಿದ್ದರೆ ಈ ನಿರ್ಣಯ ಸಾಧ್ಯವಾಗುತ್ತಿರಲಿಲ್ಲ. ಅದುರಿಲ್ಲದ ನಮ್ಮ ಪ್ರಸ್ಥಭೂಮಿಯೇ ಅದುರಿನ ನಿಯಮವನ್ನು ಸ್ಥಾಪಿಸಲು ಬೇಕಾಯಿತು. ಬಂಜೆಯೆಂದು ಬಿಟ್ಟ ಭೂಮಿ ಶಾಸ್ತ್ರಕ್ಕೆ ಕೊಟ್ಟ ಈ ಫಲವನ್ನು ನಮ್ಮ ಪಠ್ಯಪುಸ್ತಕಗಳು ಇನ್ನೂ ಸಾಕಷ್ಟು ಗುರುತಿಸಿಲ್ಲವೆಂದು ನಮ್ಮ ಭಾವನೆ.

ಈ ನಿಯಮವನ್ನು ಬೆಳಗಾವಿಗೆ ಅನ್ವಯಿಸಿ ನೋಡೋಣ. ಇಲ್ಲಿ ಲಾವಾದ ಕೆಳಗಿರುವ ಕಲಾದಗಿ ಶ್ರೇಣಿಯಲ್ಲಿ ಮರಳುಗಲ್ಲು, ಜೇಡಿಗಲ್ಲು, ಸುಣ್ಣಕಲ್ಲುಗಳುಂಟು. ನೊರಿಲ್ಸ್ಕಿನ ಮಾದರಿಯ ದಪ್ಪನಾದ ಅನ್‌ಹೈಡ್ರೈಟ್ ಸ್ತರಗಳಿಗೆ ಅದು ಹೆಸರಾದುದಲ್ಲ. ಆದರೆ ಗಂಧಕದ ಮೂಲ ಅನ್‌ಹೈಡ್ರೈಟೇ ಆಗಬೇಕೆಂದಿಲ್ಲ. ಅಮೆರಿಕದ ಮಿನ್ನೆಸೋಟದಲ್ಲಿರುವ ಡುಲುತ್ ಶಿಲಾಸಮೂಹದ ತಾಮ್ರ–ನಿಕ್ಕಲ್ ಅದುರುಗಳಿಗೆ ಗಂಧಕವನ್ನು ಒದಗಿಸಿದುದು ಪೈರೈಟನ್ನು ಹೊತ್ತ ಜೇಡಿಶಿಲೆ. ಧಾರವಾಡದ ಪದರುಶಿಲೆಗಳಲ್ಲಿಯೂ ಅಲ್ಲಲ್ಲಿ ಪೈರೈಟು ಇರುವುದು ಎಲ್ಲರೂ ಬಲ್ಲ ಸಂಗತಿ. ಹಾಗೆಂದು ಖಾನಾಪುರದ ನೆಲದಡಿಯಲ್ಲಿ ಆಸೆಯಿಡಬಹುದೆ? ಇಲ್ಲಿ ಎರಡನೆಯ ಷರತ್ತು ಅಡ್ಡ ಬರುತ್ತದೆ. ನೊರಿಲ್ಸ್ಕಿನ ಅದುರು ಇರುವುದು ಹರಿದು ಬಂದ ಲಾವಾದಲ್ಲಲ್ಲ, ಅದನ್ನು ಮೇಲಕ್ಕೆ 보ಳಿಸಿದ ಕಾಲುವೆಗಳಲ್ಲಿ, ಅಂದರೆ ಸ್ತರಗಳ ನಡುವೆ ಒಳನುಗ್ಗಿದ ಶಿಲಾಕಾಯಗಳಲ್ಲಿ. ದಖನ್ನಿನ ಲಾವಾವನ್ನು ಹೊರಚೆಲ್ಲಿದ ಬಿರುಕುಗಳ ಗುಂಪುಗಳು ನಾಸಿಕ–ಪುಣೆಯ ಸುತ್ತ, ಕೊಂಕಣದ ಕರಾವಳಿಯಲ್ಲಿ, ನರ್ಮದಾ–ತಾಪಿ ಕಣಿವೆಗಳಲ್ಲಿ ಇವೆ. ಬೆಳಗಾವಿಗೆ ಬಂದುದು ದೂರದಿಂದ ಹರಿದು ಬಂದ ಪ್ರವಾಹದ ಕೊನೆಯ ನಾಲಗೆ. ಹೀಗೆ ಹಾಸಿಕೊಂಡ ಲಾವಾ ಕೆಳಗಿನ ಕಲ್ಲನ್ನು ಸುಡಬಹುದೇ ಹೊರತು ಅದನ್ನು ಅರಗಿಸಿ ಅದುರು ಮಾಡಲಾರದು.

ವಿನೋದವೆಂದರೆ, ಬೆಂಕಿ ಕೊಡದ ಲೋಹವನ್ನು ಇಲ್ಲಿ ಮಳೆ ಕೊಟ್ಟಿತು. ಕರಿಕಲ್ಲಿನ ಮೇಲ್ಭಾಗವು ಲಕ್ಷಾಂತರ ವರ್ಷಗಳ ಮಳೆಗಾಲಗಳಲ್ಲಿ ಕೊಳೆತು ಜಂಬಿಟ್ಟಿಗೆಯಾಗಿ, ಅದರಲ್ಲಿ ಅಲ್ಯೂಮಿನಿಯಮ್ಮಿನ ಅದುರಾದ ಬಾಕ್ಸೈಟು ಕೂಡಿತು. ಅದನ್ನೇ ನಂಬಿ 1970ರ ಸುಮಾರಿಗೆ ಇಂಡಿಯನ್ ಅಲ್ಯೂಮಿನಿಯಂ ಕಂಪನಿಯು ಬೆಳಗಾವಿಯಲ್ಲಿ ಕಾರ್ಖಾನೆಯನ್ನು ತೆರೆಯಿತು. ಖಾನಾಪುರದ ಕೆಂಪು ಜೇಡಿಯಿಂದ ಹೆಂಚು, ಮಡಕೆಗಳಾದುವು. ಬೆಳಗಾವಿಯ ಖನಿಜ ಇತಿಹಾಸವನ್ನು ಬರೆಯುವವರು ಶಿಲೆಯ ಜನನಕ್ಕಿಂತ ಅದರ ಮರಣಕ್ಕೆ ಹೆಚ್ಚು ಪುಟಗಳನ್ನು ಕೊಡಬೇಕಾಗುತ್ತದೆ.

ಹಾಗಾದರೆ ಕರ್ನಾಟಕದಲ್ಲಿ ಪ್ಲಾಟಿನಂ ವರ್ಗದ ಲೋಹಗಳು ಎಲ್ಲಿವೆ? ತಾಮ್ರದ ಗಣಿಗಾರಿಕೆಗೆ ಹೆಸರಾದ ಚಿತ್ರದುರ್ಗದ ಇಂಗಳದಾಳಿನ ಅದುರು ಪುರಾತನ ಸಮುದ್ರತಳದ ಬಿಸಿನೀರಿನ ಬುಗ್ಗೆಗಳಿಂದಾದುದು; ಅದು ಬೇರೆ ಜಾತಿ. ಉತ್ತರ ಸಿಕ್ಕಿದ್ದು ಅನಿರೀಕ್ಷಿತವಾದ ಜಾಗದಲ್ಲಿ. ಚನ್ನಗಿರಿ ತಾಲ್ಲೂಕು 1997ರಿಂದ ದಾವಣಗೆರೆ ಜಿಲ್ಲೆಗೆ ಸೇರಿದ್ದು, ಮೊದಲು ಶಿವಮೊಗ್ಗದಲ್ಲಿತ್ತು. ಅಲ್ಲಿಯ ಉಬ್ರಾಣಿಯ ಕಡೆಯ ಟೈಟೇನಿಯಂ ಬೆರೆತ ಕಬ್ಬಿಣದ ಅದುರನ್ನು ಭೂವಿಜ್ಞಾನಿಗಳು ಬಹುಕಾಲದಿಂದ ಬಲ್ಲರು. ಅದರಲ್ಲಿ ವೆನೇಡಿಯಂ ಇರುವುದೂ ತಿಳಿದಿತ್ತು. ಕಬ್ಬಿಣ ಕರಗಿಸುವವರಿಗೆ ಟೈಟೇನಿಯಂ ತೊಡಕಿನ ವಸ್ತು. ಆ ಅದುರನ್ನು ಹೊತ್ತ ಕಪ್ಪು ಶಿಲೆಗಳ ಒಳಗೆ ಇನ್ನೇನಿದೆಯೆಂದು ನೋಡುವ ಉತ್ಸಾಹ ಬಹಳ ಕಾಲ ಯಾರಿಗೂ ಬರಲಿಲ್ಲ.

ಬಂದುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಿಂದ. ಅಲ್ಲಿಯ ಭೂವಿಜ್ಞಾನ ವಿಭಾಗದ ಪ್ರೊಫೆಸರ್ ಟಿ. ಸಿ. ದೇವರಾಜು ಅವರು ಫಿನ್ಲೆಂಡಿನ ಔಲು ವಿಶ್ವವಿದ್ಯಾನಿಲಯದ ತುವೋಮೊ ಅಲಾಪಿಯೆತಿ ಅವರೊಡನೆ ಸೇರಿ ಈ ಶಿಲೆಗಳನ್ನು ಕೈಗೆತ್ತಿಕೊಂಡರು. ಅಲಾಪಿಯೆತಿ ಅವರಿಗೆ ಉತ್ತರ ಫಿನ್ಲೆಂಡಿನ ಪೆನಿಕಾಟ್ ಎಂಬಲ್ಲಿಯ ಪದರಪದರದ ಶಿಲಾಕಾಯದಲ್ಲಿ ಪ್ಲಾಟಿನಂ ವರ್ಗದ ಲೋಹಗಳನ್ನು ಅಭ್ಯಾಸ ಮಾಡಿದ ಅನುಭವವಿತ್ತು. ದಕ್ಷಿಣ ಆಫ್ರಿಕದಲ್ಲಿ 1924ರಲ್ಲಿ ಹಾನ್ಸ್ ಮೆರೆನ್‌ಸ್ಕಿ ಗುರುತಿಸಿದ ಪ್ರಸಿದ್ಧ ಪ್ಲಾಟಿನಂ ಪದರವೂ ಇಂತಹುದೇ ಶಿಲಾಕಾಯದಲ್ಲಿದೆ. ಚನ್ನಗಿರಿಯ ಶಿಲೆಗಳಲ್ಲಿ ಈ ಲೋಹಗಳಿರುವ ಮೊದಲ ವರದಿ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ 1994ರಲ್ಲಿ ಎರಡು ಪುಟಗಳ ಟಿಪ್ಪಣಿಯಾಗಿ ಬಂದಿತು. ಚಿಕ್ಕ ಟಿಪ್ಪಣಿಗಳನ್ನು ಲೆಕ್ಕಕ್ಕೆ ಹಿಡಿಯದ ನಮ್ಮ ಇಂದಿನ ಪದ್ಧತಿಯವರು ಇದನ್ನು ಒಮ್ಮೆ ನೋಡಬೇಕು. ಹನುಮಲಾಪುರದ ಶಿಲಾಕಾಯವನ್ನು ಕುರಿತ ವಿಸ್ತಾರವಾದ ಪ್ರಬಂಧ 2008ರಲ್ಲಿ ಪ್ರಕಟವಾಯಿತು. ಈ ಶಿಲಾಕಾಯ ಆರ್ಷೇಯ ಯುಗದ ಕೊನೆಯ ಭಾಗದ್ದು, ಕಬ್ಬಿಣಾಂಶ ಹೆಚ್ಚಾಗಿರುವುದು. ಪ್ಲಾಟಿನಂ ಹುಡುಕುವವರು ವಾಡಿಕೆಯಾಗಿ ಕ್ರೋಮೈಟು ಹೆಚ್ಚಿರುವ ಕಡೆ ಹೋಗುತ್ತಿದ್ದರು. ಅದಕ್ಕೆ ನುಗ್ಗೇಹಳ್ಳಿಯ ಪಟ್ಟಿಯಿತ್ತು. ಕಬ್ಬಿಣ–ಟೈಟೇನಿಯಂ ಶಿಲೆಯಲ್ಲಿ ಅದು ದೊರೆತುದು ಒಂದು ಹೊಸ ಪಾಠವಾಯಿತು. ಮುಂದೆ ಭಾರತೀಯ ಭೂವಿಜ್ಞಾನ ಸರ್ವೇಕ್ಷಣಾಲಯವೂ ಅಲ್ಲಿ ಪರಿಶೋಧನೆ ನಡೆಸಿತು.

ಗಾತ್ರದ ವಿಷಯದಲ್ಲಿ ಭ್ರಮೆ ಬೇಡ. ರಾಷ್ಟ್ರೀಯ ಖನಿಜ ಗಣನೆಯ 2015ರ ಅಂಕಿಗಳಂತೆ ಭಾರತದಲ್ಲಿ ಈ ವರ್ಗದ ಲೋಹಗಳ ಒಟ್ಟು ಸಂಪನ್ಮೂಲ 15.7 ಟನ್ನು, ಅದರಲ್ಲಿ 14.2 ಟನ್ನು ಒಡಿಶಾದ ನೀಲಗಿರಿ, ಬೌಲ–ನುವಸಾಹಿ, ಸುಕಿಂದ ಪ್ರದೇಶಗಳಲ್ಲಿ, ಉಳಿದ 1.5 ಟನ್ನು ಹನುಮಲಾಪುರದಲ್ಲಿ. ದಕ್ಷಿಣ ಆಫ್ರಿಕವೊಂದೇ ವರ್ಷಕ್ಕೆ ನೂರು ಟನ್ನಿಗೂ ಮಿಗಿಲಾಗಿ ಪ್ಲಾಟಿನಮ್ಮನ್ನು ತೆಗೆಯುತ್ತದೆ. ಆದರೂ 2023ರ ಆಗಸ್ಟಿನಲ್ಲಿ ಗಣಿ ಮತ್ತು ಖನಿಜಗಳ ಕಾಯಿದೆಗೆ ತಿದ್ದುಪಡಿಯಾಗಿ ಪ್ಲಾಟಿನಂ ವರ್ಗದ ಲೋಹಗಳೂ ನಿಕ್ಕಲ್ಲೂ ನಿರ್ಣಾಯಕ ಖನಿಜಗಳ ಪಟ್ಟಿಗೆ ಸೇರಿದ ಮೇಲೆ, ಹಿಂದೆ ಬಿಟ್ಟ ನೆಲಗಳನ್ನೆಲ್ಲ ಮರಳಿ ಪರೀಕ್ಷಿಸುವ ಒತ್ತಾಯ ಹೆಚ್ಚಿದೆ. ದಖನ್ನಿನ ಲಾವಾವನ್ನು ನೊರಿಲ್ಸ್ಕಿಗೆ ಹೋಲಿಸಿ ನಕ್ಷೆಯ ಮೇಲೆ ಬಣ್ಣ ಬಳಿಯುವುದು ಸುಲಭ. ಖಾನಾಪುರದ ಪಶ್ಚಿಮದಲ್ಲಿ ಲಾವಾ ಮತ್ತು ಪದರುಶಿಲೆಗಳು ಕೂಡುವ ಸೀಮೆ ಮಹದಾಯಿಯ ಉಗಮದ ಕಾಡುಗಳಿಗೆ ಹೊಂದಿಕೊಂಡಿದೆ; ಆ ಕಾಡಿನ ಒಂದು ಭಾಗ 2011ರಲ್ಲಿ ಭೀಮಗಡ ವನ್ಯಧಾಮವಾಗಿದೆ. ಅಲ್ಲಿ ಭೂಮಿಯನ್ನು ಕೊರೆಯುವ ಮಾತನ್ನು ಯಾರಾದರೂ ಎತ್ತುವ ಮೊದಲು ಕೇಳಬೇಕಾದ ಪ್ರಶ್ನೆಗಳು ಗಂಧಕ ಎಲ್ಲಿಯದು, ಕಾಲುವೆ ಎಲ್ಲಿದೆ ಎಂಬ ಎರಡು.

ಈ ಪರೀಕ್ಷೆಗೆ ಕಾಡನ್ನು ಮುಟ್ಟಬೇಕಾಗಿಲ್ಲ. ಶಿಲಾರಸದಿಂದ ಸಲ್ಫೈಡು ಬೇರೆಯಾಗಿದ್ದರೆ ಪೆಲೇಡಿಯಂ ತಾಮ್ರಕ್ಕಿಂತ ಬಹುಬೇಗ ಕಳೆದುಹೋಗುತ್ತದೆ. ಆದ್ದರಿಂದ ಲಾವಾದಲ್ಲಿ ತಾಮ್ರಕ್ಕೂ ಪೆಲೇಡಿಯಮ್ಮಿಗೂ ಇರುವ ಪ್ರಮಾಣವನ್ನು ಅಳೆದರೆ, ಬೆಣ್ಣೆ ತೆಗೆದುದೋ ತೆಗೆಯದುದೋ ಎಂಬುದು ಗೊತ್ತಾಗುತ್ತದೆ. ಅದಕ್ಕೆ ಬೇಕಾದ ಕಲ್ಲು ಬೆಳಗಾವಿಯ ಸುತ್ತಣ ಹಳೆಯ ಕಲ್ಲುಗಣಿಗಳಲ್ಲಿ, ಹೊಲದ ಬಾವಿಗಳ ಗೋಡೆಗಳಲ್ಲಿ, ರೈಲುದಾರಿಗಾಗಿ ಕಡಿದ ದಿಣ್ಣೆಗಳಲ್ಲಿ ಬೇಕಾದಷ್ಟಿದೆ. ಪದರ ಪದರವಾಗಿ, ಎತ್ತರವನ್ನು ಗುರುತಿಸಿಕೊಂಡು, ಜಂಬಿಟ್ಟಿಗೆಯ ಸೋಂಕಿಲ್ಲದ ಗಟ್ಟಿ ಕಲ್ಲನ್ನು ಆರಿಸುವುದು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನ ಒಂದು ಬೇಸಗೆಯ ಕೆಲಸ. ಪೆಲೇಡಿಯಮ್ಮನ್ನು ಅಷ್ಟು ಸೂಕ್ಷ್ಮವಾಗಿ ಅಳೆಯುವ ಉಪಕರಣಗಳುಳ್ಳ ಪ್ರಯೋಗಶಾಲೆಗಳು ಇಂದು ದೇಶದಲ್ಲಿಯೇ ಇವೆ.